ಒಂಬತ್ತು ಮಂದಿ ಎಂದರೆ ಯಾರೂ ಇಲ್ಲ

ಕಾರವಾರದ ಬೈತಖೋಲ ಬಂದರಿನಲ್ಲಿ ಟ್ರಾಲ್ ಬೋಟು ಇಟ್ಟುಕೊಂಡವರಿಗೆ ನನ್ನದೊಂದು ಬಿಟ್ಟಿ ಸಲಹೆ: ಒಡಿಶಾ, ಜಾರ್ಖಂಡ್‌ಗಳಿಂದ ಖಲಾಸಿಗಳನ್ನು, ಅಂದರೆ ಬೋಟಿನ ಕೆಲಸದಾಳುಗಳನ್ನು, ಧಾರಾಳವಾಗಿ ಕರೆಸಿಕೊಳ್ಳಿ, ಆದರೆ ಒಂಬತ್ತಕ್ಕೆ ನಿಲ್ಲಿಸಿ. ಹತ್ತನೆಯವನು ಕೆಲಸ ಕೇಳಿಕೊಂಡು ಬೋಟು ನಿಲ್ಲುವ ದಕ್ಕೆಗೆ ಬಂದರೆ ಚಹಾ ಕುಡಿಸಿ ಸಾಗಹಾಕಿ. ಒಂದು ದಿನದ ಮಟ್ಟಿಗೂ ಬೇಡ. ಹಿಂದಿನ ಹನ್ನೆರಡು ತಿಂಗಳಲ್ಲಿ ಯಾವುದೋ ಒಂದು ದಿನ ಹತ್ತು ಮಂದಿ ಇದ್ದರೂ ಲೆಕ್ಕಕ್ಕೆ ಸೇರುತ್ತದೆ. ಅವನು ಬೋಟು ಹತ್ತಿದರೆ ಅವನ ಬೆನ್ನಿಗೇ ಕಾನೂನೂ ಹತ್ತುತ್ತದೆ.

ಇದು ನಾನು ಕಟ್ಟಿದ ಕತೆಯಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಅನ್ವಯಿಸಲು ಐದು ಮಂದಿ ವಲಸಿಗರಿದ್ದರೆ ಸಾಕಿತ್ತು. ಅದನ್ನು ‘ಸುಧಾರಿಸಿ’ 2020ರಲ್ಲಿ ಬರೆದು, 2025ರ ನವೆಂಬರ್ 21ರಂದು ಜಾರಿಗೆ ತಂದ ಔದ್ಯೋಗಿಕ ಸುರಕ್ಷತೆಯ ಸಂಹಿತೆಗೆ ಹತ್ತು ಮಂದಿ ಬೇಕು. ನಲವತ್ತು ದಾಟಿದ ಮೇಲೆ ಯಾರಿಗಾದರೂ ಕಣ್ಣು ಮಂಜಾಗುತ್ತದೆ; ಕಾನೂನಿಗೂ ಹಾಗೆಯೇ ಆಗಿರಬೇಕು.

ಒಳ್ಳೆಯದನ್ನೂ ಹೇಳಿಬಿಡುತ್ತೇನೆ. ಹಳೆಯ ಕಾಯ್ದೆ ಗುತ್ತಿಗೆದಾರ ಕರೆತಂದವನನ್ನು ಮಾತ್ರ ವಲಸಿಗನೆನ್ನುತ್ತಿತ್ತು. ಹೊಸದು ತಾನಾಗಿಯೇ ರೈಲು ಹತ್ತಿ ಬಂದವನನ್ನೂ ಒಪ್ಪಿಕೊಂಡಿದೆ. ಒಪ್ಪಿಕೊಂಡ ಖುಷಿಗೆ ಸ್ಥಳಾಂತರ ಭತ್ಯೆಯನ್ನು ಕೈಬಿಟ್ಟಿದೆ. ತಿಂಗಳ ಸಂಬಳದ ಅರ್ಧ ಅಥವಾ 75 ರೂಪಾಯಿ, ಯಾವುದು ಹೆಚ್ಚೋ ಅದು ಎಂದಿತ್ತು ಆ ಭತ್ಯೆ. ಪಡೆದವರನ್ನು ನಾನಂತೂ ನೋಡಿಲ್ಲ.

ಇನ್ನು ಸಂಬಳದ ಮಿತಿ. ತಿಂಗಳಿಗೆ 18,000 ರೂಪಾಯಿ ಮೀರಿದರೆ ಅವನು ವಲಸೆ ಕಾರ್ಮಿಕನೇ ಅಲ್ಲ. ನಮ್ಮ ಬೋಟುಗಳಲ್ಲಿ ನಡೆಯುವುದು ಪಾಲಿನ ಲೆಕ್ಕ: ಡೀಸೆಲ್, ಐಸಿನ ಖರ್ಚು ಕಳೆದು ಮಿಕ್ಕಿದ್ದರಲ್ಲಿ ಬೋಟಿಗೆ ಇಷ್ಟು, ಬೋಟು ನಡೆಸುವ ತಾಂಡೇಲನಿಗೆ ಇಷ್ಟು, ಖಲಾಸಿಗೆ ಇಷ್ಟು. (ಪಾಲು ಸಂಬಳವೋ ಅಲ್ಲವೋ ಎಂಬ ತಕರಾರು ವಕೀಲರ ಪಾಲಿಗಿರಲಿ.) ಆಗಸ್ಟಿನಲ್ಲಿ ಬಲೆ ತುಂಬ ಬಂಗುಡೆ ಬಿದ್ದು ಇಪ್ಪತ್ತು ಸಾವಿರ ಕೈಸೇರಿತು ಎನ್ನಿ, ಒಡಿಶಾದವನು ಆ ತಿಂಗಳು ವಲಸಿಗನಲ್ಲ. ಮರುತಿಂಗಳು ಗಾಳಿಮಳೆಯೆಂದು ಬೋಟು ದಕ್ಕೆ ಬಿಟ್ಟು ಕದಲಲಿಲ್ಲ, ಮತ್ತೆ ವಲಸಿಗ. ಯಾರು ಎಲ್ಲಿಯವರೆಂದು ತೀರ್ಮಾನಿಸುವ ಅಧಿಕಾರವನ್ನು ಬಂಗುಡೆಗೆ ವಹಿಸಿದ ದೇಶ ಇನ್ನೊಂದಿರಲಾರದು. ಕಾರ್ಮಿಕ ಇಲಾಖೆಯನ್ನು ಮೀನುಗಾರಿಕೆ ಇಲಾಖೆಯಲ್ಲಿ ವಿಲೀನಗೊಳಿಸುವುದೊಂದು ಬಾಕಿ.

ದೂರದ ಲೆಕ್ಕ ಇದಕ್ಕಿಂತ ಸೊಗಸು. ಬೀದರಿನಿಂದ ಹೆಂಡತಿ ಮಕ್ಕಳೊಂದಿಗೆ ಬಂದು, ಶಿರಸಿ-ಕುಮಟಾ ರಸ್ತೆಯ ಬದಿಗೆ ತಾಡಪತ್ರಿ ಕಟ್ಟಿಕೊಂಡು, ಘಟ್ಟದ ಮಳೆಯಲ್ಲಿ ಕೇಬಲ್ ಗುಂಡಿ ತೋಡುವವನು ಅಂತರರಾಜ್ಯ ವಲಸಿಗನಲ್ಲ. ಅವನು ರಾಜ್ಯವನ್ನೇ ದಾಟಿಲ್ಲವಲ್ಲ! ಮಾಜಾಳಿಯ ಹುಡುಗ ಬೆಳಿಗ್ಗೆ ಬೈಕಿನಲ್ಲಿ ಗಡಿ ದಾಟಿ ಗೋವಾದ ಕಾಣಕೋಣದಲ್ಲಿ ದುಡಿದು, ರಾತ್ರಿ ಅಮ್ಮನ ಕೈಯ ಮೀನುಸಾರು ಉಣ್ಣಲು ಮನೆಗೆ ಬರುತ್ತಾನೆ. ವಲಸಿಗನ ಪಟ್ಟ ಅವನಿಗೆ. ಇನ್ನೂ ಒಂಬತ್ತು ಮಂದಿಯನ್ನು ಬೈಕಿಗೆ ಹತ್ತಿಸಿಕೊಂಡು ಹೋದರೆ ಸೌಲಭ್ಯವೂ ಉಂಟು.

ಮೀನಿನ ವಿಷಯದಲ್ಲಿ ಸರ್ಕಾರಕ್ಕೆ ಇಂಥ ಗೊಂದಲವೇ ಇಲ್ಲ. ಅವು ಮರಿ ಮಾಡಿಕೊಳ್ಳಲಿ ಎಂದು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧ. ಕಡಲಲ್ಲಿ ಎಷ್ಟು ಮೀನಿದೆ, ಹತ್ತಾದವೇ ಎಂದು ಯಾರೂ ಕೇಳುವುದಿಲ್ಲ.

ಆ 61 ದಿನ ಖಲಾಸಿಗೂ ರಜೆಯೇ, ಪಾಲಿಲ್ಲದ ರಜೆ. ಊರಿಗೆ ಹೋಗಿಬರುವ ಖರ್ಚನ್ನು ಮಾಲೀಕನೇ ಕೊಡಬೇಕೆಂದು ಸಂಹಿತೆ ಹೇಳುತ್ತದೆ; ಹತ್ತು ಮಂದಿ ಇರುವಲ್ಲಿ ಹೇಳುತ್ತದೆ. ಒಂಬತ್ತು ಮಂದಿಯ ಬೋಟಿನವರು ಬಲೆ ಒಣಗಿಸಿ ಕಟ್ಟಿಟ್ಟು, ಚೀಲ ಹೊತ್ತು, ಸ್ವಂತ ದುಡ್ಡಿನಲ್ಲಿ ಜನರಲ್ ಬೋಗಿ ಹತ್ತಬೇಕು. ದುಡ್ಡಿಲ್ಲದಿದ್ದರೆ ಟಿಕೆಟ್ ಕೇಳಲು ಬಂದ ಟಿಟಿಇಗೆ, ‘ನಾವು ಒಂಬತ್ತೇ ಮಂದಿ ಸ್ವಾಮಿ, ನಿಮ್ಮ ಕಾನೂನು ನಮಗೆ ಅನ್ವಯಿಸುವುದಿಲ್ಲ’ ಎಂದು ಹೇಳಿ ನೋಡಲಿ.