ತುಕ್ಕು ಹಿಡಿದ ಬೀಗ

ಅಪ್ಪನ ತಿಥಿಯ ನೆಪದಲ್ಲಿ ನಾನು ವರ್ಷಕ್ಕೊಮ್ಮೆ ಊಟ ಹಾಕಿಸುವ ಮಕ್ಕಳ ಪಾಲನಾ ಸಂಸ್ಥೆಗೆ (ಹೆಸರು ಬೇಡ) ಹಣ ಕಟ್ಟಲು ನಿನ್ನೆ ಹೋಗಿದ್ದೆ. ಮರುದಿನ ತಪಾಸಣೆಯಂತೆ. ಹೊಸ ಟವೆಲುಗಳು ಅಂಗಡಿಯ ಬೆಲೆಚೀಟಿ ಸಮೇತ ಸಾಲಾಗಿ ತೂಗುತ್ತಿದ್ದವು. ನೋಂದಣಿ ಪ್ರಮಾಣಪತ್ರಕ್ಕೆ ಗಾಜಿನ ಚೌಕಟ್ಟು ಬಂದಿತ್ತು. ಮಕ್ಕಳ ದೂರು ಪೆಟ್ಟಿಗೆ ಮಾತ್ರ ನನ್ನ ತಲೆಗಿಂತ ಎತ್ತರದಲ್ಲಿ, ತುಕ್ಕು ಹಿಡಿದ ಬೀಗದೊಂದಿಗೆ ನೇತಾಡುತ್ತಿತ್ತು. ಕೀಲಿ ಯಾರ ಬಳಿ ಇದೆಯೆಂದು ಕೇಳಿದರೆ ಆಯಾ ನಕ್ಕರು: "ಅದು ಕಳೆದು ಎರಡು ವರ್ಷ ಆಯ್ತು ಸಾರ್."

2015ರ ಬಾಲನ್ಯಾಯ ಕಾಯ್ದೆಯಲ್ಲಿ ಕೊರತೆ ಏನಿದೆ? ನೋಂದಣಿಯಿಲ್ಲದೆ ಸಂಸ್ಥೆ ನಡೆಸಿದರೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ ಕನಿಷ್ಠ ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಕನಿಷ್ಠ ಮೂರು ತಿಂಗಳಿಗೊಮ್ಮೆ, ಒಬ್ಬ ಮಹಿಳೆ ಮತ್ತು ಒಬ್ಬ ವೈದ್ಯಾಧಿಕಾರಿಯನ್ನು ಒಳಗೊಂಡ, ಮೂವರಿಗೆ ಕಡಿಮೆಯಿಲ್ಲದ ತಂಡ ಭೇಟಿ ನೀಡಿ, ವಾರದೊಳಗೆ ವರದಿ ಸಲ್ಲಿಸಬೇಕು. ಏಳು ಮಕ್ಕಳಿಗೊಂದು ಶೌಚಾಲಯವಿರಬೇಕೆಂಬ ಲೆಕ್ಕವೂ ನಿಯಮಗಳಲ್ಲಿದೆ. ದೂರು ಪೆಟ್ಟಿಗೆಯನ್ನು ವಾರಕ್ಕೊಮ್ಮೆ ತೆರೆದು ನೋಡಬೇಕೆಂದೂ ಇದೆ. ಅಧಿಕಾರಿಗಳು ಬರುವ ದಿನವನ್ನು ಸಂಸ್ಥೆಯವರಿಗೆ ಮೊದಲೇ ತಿಳಿಸಿ, ಟವೆಲು ಕೊಳ್ಳಲು ಸಮಯಾವಕಾಶ ಕೊಡಬೇಕೆಂದು ಮಾತ್ರ ನಾನು ಓದಿದ ಯಾವ ಪುಟದಲ್ಲೂ ಇರಲಿಲ್ಲ.

ಸೇವಾ ಮನೋಭಾವದಿಂದ ನಡೆಸುವ ಚಿಕ್ಕ ಸಂಸ್ಥೆಗಳು ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸುವ ಕಾಗದಪತ್ರಗಳಲ್ಲೇ ಸೊರಗುತ್ತವೆ ಎನ್ನುವವರಿದ್ದಾರೆ. ಕಾಗದದ ಕಾಟ ಸುಳ್ಳಲ್ಲ. ನಲವತ್ತು ವರ್ಷ ಸರ್ಕಾರಿ ಶಾಲೆಯಲ್ಲಿ ಅದನ್ನೇ ಉಂಡವನು ನಾನು. ಆದರೆ ಪೆಟ್ಟಿಗೆಯನ್ನು ಮಗುವಿನ ಕೈಗೆಟುಕುವಂತೆ ಇಳಿಸಲು ಯಾವ ಕಡತ ಬೇಕು? ಎರಡು ಮೊಳೆ, ಒಂದು ಸುತ್ತಿಗೆ ಸಾಕು. 2021ರ ತಿದ್ದುಪಡಿ ಜಿಲ್ಲಾಧಿಕಾರಿಗಳ ಹೊಣೆಯನ್ನು ಹೆಚ್ಚಿಸಿತು, ಸಂತೋಷ. ಅವರ ಜೀಪು ಹೊರಡುವ ಮೊದಲೇ ಫೋನು ಹೊರಟರೆ ಆ ಹೊಣೆ ಯಾರ ತಲೆಗೆ?

ದೂರುವ ಯೋಗ್ಯತೆ ನನಗೂ ಅಷ್ಟಕ್ಕಷ್ಟೇ. ಹನ್ನೊಂದು ವರ್ಷಗಳಿಂದ ಅಲ್ಲಿ ಹೋಳಿಗೆ ಬಡಿಸಿದ್ದೇನೆ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಸಿಕೊಂಡಿದ್ದೇನೆ, ಒಂದು ಮಗುವನ್ನಾದರೂ ಪಕ್ಕಕ್ಕೆ ಕರೆದು "ರಾತ್ರಿ ನಿದ್ದೆ ಬರುತ್ತದೆಯೇ ಮರಿ?" ಎಂದು ಕೇಳಿದವನಲ್ಲ. ನಿನ್ನೆಯೂ ಹೊರಡುವಾಗ ವ್ಯವಸ್ಥಾಪಕರು ಸಂದರ್ಶಕರ ಪುಸ್ತಕ ಮುಂದಿಟ್ಟರು. ಪುಟ ತಿರುವಿದರೆ ಹಿಂದಿನ ಹತ್ತು ವರ್ಷವೂ ನನ್ನದೇ ದುಂಡಕ್ಷರ: "ವ್ಯವಸ್ಥೆ ಅತ್ಯುತ್ತಮವಾಗಿದೆ." ಈ ಸಲ ಬೀಗದ ವಿಷಯ ಬರೆದೆ. ಅವರು ಪುಸ್ತಕವನ್ನು ಮುಚ್ಚಿ, ನಾಳೆಗೆ ಹೊಸದೊಂದು ತರಿಸುವಂತೆ ಗುಮಾಸ್ತರಿಗೆ ಹೇಳಿದರು.