ಹಳೆ ಡೀಸೆಲ್ ಕಾರು ಕೊಟ್ಟ ಮೇಲೆ ಮತ್ತೆ ಡೀಸೆಲ್ಲೇ ಬೇಕಾ?

ಪರ: ಎಳೆತ ಬೇಕು, ಮೈಲೇಜೂ ಬೇಕು
(ದಾವಣಗೆರೆಯಿಂದ)

ನನ್ನ ಡೀಸೆಲ್ ಡಿಸೈರ್ 2012ರದು. ಇಲ್ಲಿವರೆಗೆ 2 ಲಕ್ಷ 90 ಸಾವಿರ ಕಿಲೋಮೀಟರ್ ಓಡಿದೆ. ಇಂಜಿನ್ ಒಂದು ಸಲವೂ ಬಿಚ್ಚಿಲ್ಲ. ಆದರೆ ಬಾಗಿಲ ಕೆಳಗೆ ತುಕ್ಕು ತಿಂದಿದೆ. ಹಂಪ್ ಹಾರಿದರೆ ಕೆಳಗಿನಿಂದ ಲೊಡಲೊಡ ಸದ್ದು. 15 ವರ್ಷ ತುಂಬಿದರೆ ಮತ್ತೆ ಆರ್‌ಟಿಒ ಓಡಾಟ, ಹಸಿರು ತೆರಿಗೆ. ಈ ವರ್ಷ ಬದಲಾಯಿಸೋಣ ಎಂದು ಮನೆಯಲ್ಲಿ ತೀರ್ಮಾನವಾಯಿತು.

ಅಂದಿನಿಂದ ಬೀಗರು, ತಮ್ಮಂದಿರು, ಬಂಕಿನ ಹುಡುಗ, ಎಲ್ಲರದೂ ಒಂದೇ ಮಾತು. "ಈಗ ಡೀಸೆಲ್ ಯಾರು ತಗೋತಾರೆ ಸರ್?" ನಾನು ತಗೋತೀನಿ. ಯಾಕೆ ಅಂತ ಹೇಳುತ್ತೇನೆ.

ನಮ್ಮ ತೋಟ ಚನ್ನಗಿರಿ ಕಡೆ. ಮನೆ ವಿದ್ಯಾನಗರದಲ್ಲಿ. ವಾರಕ್ಕೆ ಎರಡು ಸಲ ತೋಟಕ್ಕೆ ಹೋಗಿ ಬರಲೇಬೇಕು, ಅಡಿಕೆ ಕೊಯ್ಲಿನಲ್ಲಿ ನಾಲ್ಕು ಸಲ. ಡಿಕ್ಕಿಯಲ್ಲಿ ಒಮ್ಮೆ ಡ್ರಿಪ್ ಪೈಪು, ಒಮ್ಮೆ ಸುಟ್ಟುಹೋದ ಪಂಪ್‌ಸೆಟ್ ಮೋಟರು. ತಿಂಗಳಿಗೊಮ್ಮೆ ಅಮ್ಮನನ್ನು ಮಣಿಪಾಲಕ್ಕೆ ತೋರಿಸಲು ಕರೆದುಕೊಂಡು ಹೋಗುತ್ತೇನೆ. ಮಗಳು ಬೆಂಗಳೂರಿನಲ್ಲಿದ್ದಾಳೆ, ಇಲ್ಲಿಂದ 260 ಕಿಲೋಮೀಟರ್. ಎಲ್ಲ ಕೂಡಿದರೆ ವರ್ಷಕ್ಕೆ 25 ಸಾವಿರ ಕಿಲೋಮೀಟರ್ ಹತ್ತಿರ ಬರುತ್ತದೆ. ಲೀಟರಿಗೆ ಪೆಟ್ರೋಲ್ 103, ಡೀಸೆಲ್ 91 ರೂಪಾಯಿ ಎಂದು ಹಿಡಿಯಿರಿ. ಡೀಸೆಲ್ ಕಾರು 18, ಅದೇ ಗಾತ್ರದ ಪೆಟ್ರೋಲ್ ಕಾರು 15 ಮೈಲೇಜ್ ಕೊಟ್ಟರೆ ಕಿಲೋಮೀಟರಿಗೆ 1 ರೂಪಾಯಿ 80 ಪೈಸೆ ಉಳಿಯುತ್ತದೆ. ವರ್ಷಕ್ಕೆ 45 ಸಾವಿರ. ಒಂದೂಕಾಲು ಲಕ್ಷ ಜಾಸ್ತಿ ಕೊಟ್ಟು ಡೀಸೆಲ್ ತಗೊಂಡರೂ ಮೂರು ವರ್ಷದೊಳಗೆ ಆ ದುಡ್ಡು ವಾಪಸ್ ಬಂತಲ್ವಾ?

ಆದರೆ ನನಗೆ ದುಡ್ಡಿಗಿಂತ ದೊಡ್ಡದು ಎಳೆತ.

ಪೆಟ್ರೋಲಿಗೆ ಕಿಡಿ ತಾಗಿಸಬೇಕು. ಡೀಸೆಲ್‌ಗೆ ಕಿಡಿ ಬೇಡ. ಗಾಳಿಯನ್ನು 16-17 ಪಟ್ಟು ಅದುಮಿದರೆ ಆ ಬಿಸಿಗೇ ಹೊತ್ತಿಕೊಳ್ಳುತ್ತದೆ. ಅಷ್ಟು ಅದುಮಿ ಉರಿಸುವುದರಿಂದಲೇ ಒಂದೊಂದು ಹನಿಯಿಂದಲೂ ಜಾಸ್ತಿ ಕೆಲಸ ಸಿಗುತ್ತದೆ. ಸಾಲದ್ದಕ್ಕೆ ಒಂದು ಲೀಟರ್ ಡೀಸೆಲ್‌ನಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ಶಾಖವೂ ಜಾಸ್ತಿ. ನನ್ನ ಹಳೆ ಗಾಡಿಯದು ಫಿಯಟ್ ರೂಪಿಸಿದ 1248 ಸಿಸಿ ಇಂಜಿನ್. ಸ್ವಿಫ್ಟ್, ರಿಟ್ಜ್, ಇಂಡಿಕಾ ವಿಸ್ತಾ ಎಲ್ಲದರಲ್ಲೂ ಇದ್ದದ್ದು ಅದೇ. ಅಶ್ವಶಕ್ತಿ ಬರೀ 75. ಆದರೆ ಎಳೆಯುವ ಬಲ, ಅಂದರೆ ಟಾರ್ಕ್, 190 ಎನ್‌ಎಂ (ನ್ಯೂಟನ್ ಮೀಟರ್). ಅದೂ ಇಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುವಾಗಲೇ ಸಿಗುತ್ತದೆ. 2024ರ ನವೆಂಬರ್‌ನಲ್ಲಿ ಬಂದ ಹೊಸ ಡಿಸೈರ್ ಪೆಟ್ರೋಲ್‌ಗೆ 82 ಅಶ್ವಶಕ್ತಿ, ಟಾರ್ಕ್ 112. ಕಾರು ಚೆನ್ನಾಗಿದೆ, ಮೈಲೇಜೂ ಒಳ್ಳೆಯದೇ. ಆದರೆ ಐದು ಜನ ಕೂತು ಲಗೇಜ್ ತುಂಬಿ ಏರು ಹತ್ತುವಾಗ ಆ 112ಕ್ಕೂ 190ಕ್ಕೂ ಇರುವ ಅಂತರ ಕಾಲಿಗೇ ಗೊತ್ತಾಗುತ್ತದೆ.

ಹೋದ ಮಳೆಗಾಲದಲ್ಲಿ ನನಗೆ ಗೊತ್ತಾಯಿತು. ನಮ್ಮ ಗಾಡಿ ಗ್ಯಾರೇಜಿನಲ್ಲಿತ್ತು. ಅಮ್ಮನ ತಪಾಸಣೆ ದಿನ ತಪ್ಪಿಸುವಂತಿರಲಿಲ್ಲ. ಭಾವನ ಪೆಟ್ರೋಲ್ ಕಾರು ತಗೊಂಡು ಹೊರಟೆವು. ಅದೂ 1200 ಸಿಸಿಯದೇ, ಇಂಜಿನ್‌ಗೆ ಗಾಳಿ ಒತ್ತಿ ತುಂಬಿ ಬಲ ಹೆಚ್ಚಿಸುವ ಟರ್ಬೊ ಇಲ್ಲದ್ದು. ಹೋಗುವಾಗ ಏನೂ ಅನ್ನಿಸಲಿಲ್ಲ, ಘಾಟಿ ಇಳಿಯುವುದೇ ತಾನೇ. ಸಂಜೆ ವಾಪಸ್ ಸೋಮೇಶ್ವರ ದಾಟಿ ಆಗುಂಬೆ ಹತ್ತಲು ಶುರು ಮಾಡಿದೆವು. ಕಾರಿನಲ್ಲಿ ಐದು ಜನ. ಮಳೆ ಅಂದರೆ ಮಳೆ. ಗಾಜಿಗೆ ಮಂಜು ಕಟ್ಟುತ್ತದೆ ಎಂದು ಎಸಿ ಹಾಕಿದರೆ ಗಾಡಿ ಮೇಲೆ ಹೋಗುತ್ತಿಲ್ಲ. ಎಸಿ ಆಫ್ ಮಾಡಿದರೆ ಎದುರಿಗೆ ಏನೂ ಕಾಣುತ್ತಿಲ್ಲ. 14 ತಿರುವಿನಲ್ಲಿ ನಾಲ್ಕನೆಯದೋ ಐದನೆಯದೋ ಇರಬೇಕು, ಮುಂದಿದ್ದ ಮಿನಿ ಬಸ್ ಸರಿಯಾಗಿ ತಿರುವಿನಲ್ಲೇ ನಿಂತಿತು. ನಾನೂ ನಿಂತೆ. ಮತ್ತೆ ಎತ್ತಬೇಕಲ್ಲ! ಫಸ್ಟ್ ಗೇರ್, ಹ್ಯಾಂಡ್‌ಬ್ರೇಕ್, ಹಾಫ್ ಕ್ಲಚ್. ಒಮ್ಮೆ ಆಫ್ ಆಯಿತು. ಎರಡನೇ ಸಲ ಒಂದು ಅಡಿ ಹಿಂದಕ್ಕೆ ಜಾರಿತು. ಹಿಂದೆ ಇದ್ದವನು ಹಾರ್ನ್ ಮೇಲೆ ಹಾರ್ನ್. ಮೂರನೇ ಸಲ ಇಂಜಿನ್ ಕಿರುಚಿಕೊಂಡು ಎದ್ದಿತು, ಕಾರಿನೊಳಗೆಲ್ಲ ಕ್ಲಚ್ ಸುಟ್ಟ ವಾಸನೆ. ಹಿಂದಿನ ಸೀಟಿನಲ್ಲಿ ಅಮ್ಮ ಮುಂದಿನ ಸೀಟನ್ನು ಎರಡೂ ಕೈಲಿ ಹಿಡಿದುಕೊಂಡಿದ್ದಳು. ಮೇಲೆ ಆಗುಂಬೆ ತಲುಪಿ ಕಾಫಿಗೆ ನಿಂತಾಗ ಕೇಳಿದ್ದು ಒಂದೇ ಮಾತು. "ನಮ್ ಗಾಡಿ ಯಾವತ್ತು ಬರುತ್ತಪ್ಪಾ?"

ಅದೇ ಘಾಟಿಯನ್ನು ನಮ್ಮ ಹಳೆ ಡೀಸೆಲ್‌ನಲ್ಲಿ ನೂರಕ್ಕೂ ಹೆಚ್ಚು ಸಲ ಹತ್ತಿದ್ದೇನೆ. ಸೆಕೆಂಡ್ ಗೇರಿನಲ್ಲಿ, ಎಸಿ ಹಾಕಿಕೊಂಡು, ಮಾತಾಡಿಕೊಂಡು.

"ಟರ್ಬೊ ಪೆಟ್ರೋಲ್ ತಗೊಳ್ಳಿ, ಎಳೆತ ಸಿಗುತ್ತೆ" ಎಂದರು. ನಿಜ, ಸಿಗುತ್ತದೆ. ಕ್ರೆಟಾದ ಟರ್ಬೊ ಪೆಟ್ರೋಲ್‌ಗೆ 253 ಎನ್‌ಎಂ, ಅದರ ಡೀಸೆಲ್‌ಗೆ 250. ಆದರೆ ಕಂಪನಿ ಹೇಳುವ ಮೈಲೇಜ್ ನೋಡಿ. ಟರ್ಬೊ ಪೆಟ್ರೋಲ್ 18.4, ಡೀಸೆಲ್ ಮ್ಯಾನುಯಲ್ 21.8. ಕಾಲು ಸ್ವಲ್ಪ ಭಾರ ಇಟ್ಟರೆ ಟರ್ಬೊ ಪೆಟ್ರೋಲ್ ಕುಡಿಯುವುದು ಬೇರೆಯೇ ಲೆಕ್ಕ. ಮೇಲಾಗಿ ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗ ಎಥನಾಲ್. ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಾಖ ಕಡಿಮೆ. ಮೈಲೇಜ್ ಇಳಿಯದೆ ಇನ್ನೇನಾಗುತ್ತದೆ? ಎಳೆತ ಬೇಕೆಂದರೆ ಮೈಲೇಜ್ ಬಿಡಿ, ಮೈಲೇಜ್ ಬೇಕೆಂದರೆ ಎಳೆತ ಬಿಡಿ ಎನ್ನುತ್ತದೆ ಪೆಟ್ರೋಲ್. ಎರಡನ್ನೂ ಒಟ್ಟಿಗೆ ಕೊಡುವುದು ಡೀಸೆಲ್ ಮಾತ್ರ.

ಹೈಬ್ರಿಡ್, ಅಂದರೆ ಪೆಟ್ರೋಲ್ ಇಂಜಿನ್ ಜೊತೆ ಬ್ಯಾಟರಿ ಮೋಟರೂ ಇರುವ ಕಾರು, ಅದನ್ನೂ ಓಡಿಸಿ ನೋಡಿದೆ. ಗ್ರ್ಯಾಂಡ್ ವಿಟಾರಾ, ಹೈರೈಡರ್ ಎರಡಕ್ಕೂ 27.97 ಮೈಲೇಜ್ ಹೇಳುತ್ತಾರೆ. ಊರೊಳಗೆ ಸದ್ದಿಲ್ಲದೆ ಹೋಗುತ್ತದೆ, ಸುಖವಾಗಿದೆ. ಆದರೆ ಬೆಲೆ ನಮ್ಮ ಕೈಗೆ ಎಟುಕುವುದಲ್ಲ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯಿತಲ್ಲ, 4 ಮೀಟರ್ ಒಳಗಿನ, 1500 ಸಿಸಿ ದಾಟದ ಡೀಸೆಲ್ ಕಾರಿಗೆ ಈಗ ಶೇ 18. ಈ ಹೈಬ್ರಿಡ್‌ಗಳು 4 ಮೀಟರ್ ಮೀರಿದವು, ಅವಕ್ಕೆ ಶೇ 40. ಹೀಗಿರುವಾಗ ಸಣ್ಣ ಡೀಸೆಲ್ ಬಿಟ್ಟು ನಾನು ಅದನ್ನು ಯಾಕೆ ತಗೊಳ್ಳಲಿ?

ಡೀಸೆಲ್ ಹೊಗೆಯ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಡಿಪಿಎಫ್ ಡಿಪಿಎಫ್ ಎಂದು ಎಲ್ಲರೂ ಹೆದರಿಸುತ್ತಾರೆ. ಅದು ಕಟ್ಟಿಕೊಳ್ಳುವುದು ಊರೊಳಗೆ ಸಣ್ಣ ಸಣ್ಣ ಓಡಾಟ ಮಾಡಿದರೆ. ಮನೆಯಿಂದ ಗಡಿಯಾರ ಕಂಬದವರೆಗೆ, ಅಲ್ಲಿಂದ ಬೆಣ್ಣೆ ದೋಸೆ ತಿಂದು ವಾಪಸ್ ಅಷ್ಟೇ ಓಡಾಡುವವರಿಗೆ ಕಾರೇ ಬೇಡ, ಸ್ಕೂಟರ್ ಸಾಕು. ನಾನು ಹೆದ್ದಾರಿಯಲ್ಲಿ ಓಡಾಡುವವನು.

ಒಂದು ನೋವು ಮಾತ್ರ ಇದೆ. ಆಯ್ಕೆ ಬಹಳ ಕಡಿಮೆಯಾಗಿದೆ. 2020ರ ಏಪ್ರಿಲ್‌ನಲ್ಲಿ ಗಾಡಿ ಹೊಗೆಯ ಬಿಗಿ ನಿಯಮ ಬಿಎಸ್6 ಬಂದಾಗ ಮಾರುತಿ ಡೀಸೆಲ್ ನಿಲ್ಲಿಸಿತು. ಡಸ್ಟರ್ ಡೀಸೆಲ್ ಹೋಯಿತು. ಫೋರ್ಡ್ ದೇಶದಲ್ಲಿ ಕಾರು ತಯಾರಿಸುವುದನ್ನೇ ನಿಲ್ಲಿಸಿತು. 2023ರಲ್ಲಿ ಹೋಂಡಾ ಕೂಡ ಡೀಸೆಲ್ ಕೈಬಿಟ್ಟಿತು. ಈಗ ನನ್ನ ಅಳತೆಗೆ ಉಳಿದಿರುವುದು ಟಾಟಾ, ಮಹೀಂದ್ರ, ಹ್ಯುಂಡೈ, ಕಿಯಾ. ಮೂರು ಗಾಡಿ ಓಡಿಸಿದೆ. ನೆಕ್ಸಾನ್‌ನ 260 ಎನ್‌ಎಂ ಚೆನ್ನಾಗಿದೆ. ಸೋನೆಟ್ ನಯವಾಗಿದೆ, ಇಂಜಿನ್ ಸದ್ದು ಒಳಗೆ ಅಷ್ಟಾಗಿ ಬರುವುದಿಲ್ಲ. ಎಕ್ಸ್‌ಯುವಿ 3ಎಕ್ಸ್‌ಒ 300 ಎನ್‌ಎಂನದು. ಬಾತಿ ಗುಡ್ಡದ ಕಡೆ ತಿರುಗಿಸಿ ಮೂರನೇ ಗೇರಿನಲ್ಲೇ ಒತ್ತಿ ನೋಡಿದೆ, ಬೆನ್ನು ಸೀಟಿಗೆ ಅಂಟಿತು. ಅಮ್ಮನಿಗೆ ಹತ್ತಿ ಇಳಿಯಲು ಯಾವುದು ಸಲೀಸು ಎಂದು ಈ ಶನಿವಾರ ಅವಳನ್ನೇ ಕೂರಿಸಿ ನೋಡಿ ಅಡ್ವಾನ್ಸ್ ಕೊಡುತ್ತೇನೆ.

ವಿರೋಧ: ನಿಮ್ಮ ಓಡಾಟ ಎಷ್ಟು, ಮೊದಲು ಬರೆದಿಡಿ
(ಚಿತ್ರದುರ್ಗದಿಂದ)

ವಿರೋಧದ ಕಡೆ ಬರೆಯಿರಿ ಎಂದು ನನ್ನನ್ನು ಕೇಳಿದರು. ಒಪ್ಪಿಕೊಂಡೆ. ಆದರೆ ಒಂದು ಮಾತು ಮೊದಲೇ ಹೇಳಬೇಕು. ನಾನೂ 9 ವರ್ಷ ಡೀಸೆಲ್ ಕಾರು ಓಡಿಸಿದವಳು. ಅದರ ಎಳೆತದ ಬಗ್ಗೆ ನಾನು ವಾದ ಮಾಡುವುದಿಲ್ಲ. ಮೂರು ವರ್ಷದ ಹಿಂದೆ ಅದನ್ನು ಕೊಟ್ಟು ಸಣ್ಣ ಟರ್ಬೊ ಪೆಟ್ರೋಲ್ ಕಾರು ತಗೊಂಡೆ. ಹಳೆಯದು 20 ಮೈಲೇಜ್ ಕೊಡುತ್ತಿತ್ತು. ಇದು ಊರಲ್ಲಿ 13, ಹೆದ್ದಾರಿಯಲ್ಲಿ 17. ಅದನ್ನೂ ಮುಚ್ಚಿಡುವುದಿಲ್ಲ.

ಆದರೂ ಈಗ ಡೀಸೆಲ್ ಬೇಡ ಅನ್ನುತ್ತೇನೆ. ಯಾಕೆಂದರೆ ನಮ್ಮಲ್ಲಿ ಹೆಚ್ಚಿನವರು ಡೀಸೆಲ್ ಮೆಚ್ಚಿಕೊಂಡಿದ್ದು 2012ರ ಸುಮಾರಿಗೆ. ಆಗ ಪೆಟ್ರೋಲಿಗಿಂತ ಡೀಸೆಲ್ ಲೀಟರಿಗೆ 25 ರೂಪಾಯಿಗೂ ಜಾಸ್ತಿ ಅಗ್ಗವಿತ್ತು. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಬೆಲೆಯ ಮೇಲಿನ ಸರ್ಕಾರದ ಹಿಡಿತ ಹೋಯಿತು. ಈಗ ಅಂತರ 12 ರೂಪಾಯಿ ಅಷ್ಟೇ. ಮನಸ್ಸಿನಲ್ಲಿ ಮಾತ್ರ ಹಳೆ ಲೆಕ್ಕವೇ ಕೂತಿದೆ.

ನನ್ನ ಲೆಕ್ಕ ಹೇಳುತ್ತೇನೆ. ಕಾಲೇಜು, ಸಂತೆಪೇಟೆ, ಅಪರೂಪಕ್ಕೆ ದಾವಣಗೆರೆಯಲ್ಲಿ ಸೀರೆ ಅಂಗಡಿ, ವರ್ಷಕ್ಕೆ ಮೂರು ಸಲ ಬೆಂಗಳೂರು. ಎಲ್ಲ ಸೇರಿ 8 ಸಾವಿರ ಕಿಲೋಮೀಟರ್. ಡೀಸೆಲ್‌ನಿಂದ ಕಿಲೋಮೀಟರಿಗೆ 1 ರೂಪಾಯಿ 80 ಪೈಸೆ ಉಳಿದರೂ ವರ್ಷಕ್ಕೆ 14,400. ಒಂದೂಕಾಲು ಲಕ್ಷ ಜಾಸ್ತಿ ಕೊಟ್ಟಿದ್ದು ಹಿಂದಕ್ಕೆ ಬರಲು ಎಂಟೂವರೆ ವರ್ಷಕ್ಕೂ ಜಾಸ್ತಿ ಬೇಕು. ಕರ್ನಾಟಕದ ರಸ್ತೆ ತೆರಿಗೆಯನ್ನೂ ಮರೆಯಬೇಡಿ. ಬೆಲೆ 10 ಲಕ್ಷ ದಾಟಿದರೆ ತೆರಿಗೆಯ ದರವೇ ಶೇ 14ರಿಂದ 17ಕ್ಕೆ ಏರುತ್ತದೆ. ಪೆಟ್ರೋಲ್‌ನಲ್ಲಿ 9 ಲಕ್ಷಕ್ಕೆ ಮುಗಿಯುವ ಗಾಡಿ ಡೀಸೆಲ್ ಆದ ಕೂಡಲೇ ಆ ಗೆರೆ ದಾಟುತ್ತದೆ. ಆನ್‌ರೋಡ್ ಬೆಲೆ ಬರೆಸಿಕೊಂಡು ನೋಡಿ.

ಇನ್ನು ನಮ್ಮ ಪಕ್ಕದ ಮನೆ ಅಣ್ಣನ ಕತೆ. ಬ್ಯಾಂಕಿನಿಂದ ನಿವೃತ್ತರಾದವರು. ಹಳೆ ಡೀಸೆಲ್ ಕೊಟ್ಟು ಹೊಸ ಬಿಎಸ್6 ಡೀಸೆಲ್ ತಂದರು. ಅವರ ಓಡಾಟ ಎಲ್ಲ ಊರೊಳಗೇ. ಮೊಮ್ಮಗನನ್ನು ಶಾಲೆಗೆ ಬಿಡುವುದು, ಜೋಗಿಮಟ್ಟಿ ರಸ್ತೆಯ ತಂಗಿ ಮನೆ, ಅಷ್ಟೇ. ಆರು ತಿಂಗಳಿಗೆ ಡ್ಯಾಷ್‌ಬೋರ್ಡ್‌ನಲ್ಲಿ ಹಳದಿ ದೀಪ ಹತ್ತಿತು. ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಅದೇ ಡಿಪಿಎಫ್, ತುಂಬಿಕೊಂಡಿತ್ತು. ಆ ಮಸಿ ತಾನಾಗಿ ಸುಟ್ಟುಹೋಗಬೇಕೆಂದರೆ ಫಿಲ್ಟರ್ ಸುಮಾರು 600 ಡಿಗ್ರಿ ಬಿಸಿಯಾಗಬೇಕು. ಎರಡು ಮೂರು ಕಿಲೋಮೀಟರ್ ಓಡಾಟಕ್ಕೆ ಅಷ್ಟು ಬಿಸಿ ಎಲ್ಲಿಂದ ಬರಬೇಕು? ಇದನ್ನು ಗಾಡಿ ಮಾರುವಾಗ ಷೋರೂಂನಲ್ಲಿ ಒಬ್ಬರೂ ಅವರಿಗೆ ಹೇಳಿರಲಿಲ್ಲ. ನನಗೆ ಸಿಟ್ಟು ಬಂದಿದ್ದು ಅದಕ್ಕೆ. ದೀಪ ಹತ್ತಿದ ಮೇಲೆ ಸರ್ವಿಸ್‌ನವರು "ಹೈವೇಲಿ ಓಡಿಸಿ ಸರ್" ಎಂದರು. ಅಂದಿನಿಂದ ಅಣ್ಣ ವಾರ ಬಿಟ್ಟು ವಾರ ಭಾನುವಾರ ಬೆಳಿಗ್ಗೆ ಎದ್ದು ಹಿರಿಯೂರಿಗೆ ಹೋಗಿ ಬರುತ್ತಾರೆ. ಹೋಗಿ ಬರಲು 80 ಕಿಲೋಮೀಟರ್. ಕೆಲಸ ಏನೂ ಇಲ್ಲ. ಮಸಿ ಸುಡುವುದಕ್ಕೆ ಡೀಸೆಲ್ ಸುಡುವುದು, ಅಷ್ಟೇ. ಉಳಿತಾಯಕ್ಕೆ ಎಂದು ತಂದ ಗಾಡಿ ಇದು.

ಎಥನಾಲ್‌ನಿಂದ ಪೆಟ್ರೋಲ್ ಕೆಟ್ಟಿತು ಎಂದು ಡೀಸೆಲ್ ಕಡೆಯವರು ಹೇಳುತ್ತಾರೆ. ನಮ್ಮ ಎರಡು ಜಿಲ್ಲೆಯಲ್ಲೂ ಮೆಕ್ಕೆಜೋಳ ಬೆಳೆಯುವವರು ಎಷ್ಟು ಜನ ಇದ್ದಾರೆ! ಎಥನಾಲ್‌ಗೆ ಮೆಕ್ಕೆಜೋಳ ಹೋದರೆ ಅವರಿಗೆ ನಾಲ್ಕು ಕಾಸು ಜಾಸ್ತಿ ಸಿಗಬಹುದು. ಅದನ್ನೂ ಯೋಚಿಸಬೇಕು.

ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್ ಗಾಡಿಗೆ ನಿರ್ಬಂಧ ತಂದರು. ನಮ್ಮಲ್ಲಿ ಆ ನಿಯಮ ಇಲ್ಲ. ಆದರೆ ಈಗ ಕೊಂಡ ಗಾಡಿಯನ್ನು ಇನ್ನು ಹತ್ತು ಹನ್ನೆರಡು ವರ್ಷ ಇಟ್ಟುಕೊಳ್ಳುವವರು ನಾವು. ಕಂಪನಿಗಳೇ ಒಂದೊಂದಾಗಿ ಕೈಬಿಡುತ್ತಿರುವ ಇಂಜಿನ್ ಮೇಲೆ ಅಷ್ಟು ದುಡ್ಡು ಹಾಕಲು ನನಗೆ ಧೈರ್ಯ ಬರಲಿಲ್ಲ.

ಮೈಲೇಜೇ ಮುಖ್ಯ ಎನ್ನುವವರಿಗೆ ಸಿಎನ್‌ಜಿ ಇದೆ. ಹೊಸ ಡಿಸೈರ್ ಸಿಎನ್‌ಜಿಗೆ ಕಿಲೋಗೆ 33.73 ಎನ್ನುತ್ತದೆ ಕಂಪನಿ. ಡಿಕ್ಕಿಯಲ್ಲಿ ಜಾಗ ಹೋಗುತ್ತದೆ, ನಿಜ. ದುಡ್ಡಿದ್ದವರಿಗೆ ಹೈಬ್ರಿಡ್ ಇದೆ. ಊರೊಳಗೆ ನಿಂತು ನಿಂತು ಓಡುವಾಗಲೇ ಅದು ಜಾಸ್ತಿ ಉಳಿಸುತ್ತದೆ, ಡೀಸೆಲ್ ಕಷ್ಟಪಡುವುದೂ ಅಲ್ಲೇ.

ವರ್ಷಕ್ಕೆ 20 ಸಾವಿರ ಕಿಲೋಮೀಟರ್ ಮೇಲೆ ಓಡಿಸುವವರು ನನ್ನ ಮಾತು ಕೇಳಬೇಕಾಗಿಲ್ಲ. ಉಳಿದವರು ಹಳೆ ಗಾಡಿಯ ಸರ್ವಿಸ್ ಬಿಲ್‌ಗಳನ್ನು ತೆಗೆದು, ಕಳೆದ ಎರಡು ವರ್ಷದಲ್ಲಿ ಮೀಟರ್ ಎಷ್ಟು ಓಡಿದೆ ನೋಡಿ. ಷೋರೂಂಗೆ ಹೋಗುವ ಮುಂಚೆಯೇ ನೋಡಿ. ಪಕ್ಕದ ಮನೆ ಅಣ್ಣ ಹಾಗೆ ನೋಡಿದ್ದು ಗಾಡಿ ತಂದ ಮೇಲೆ. ಎರಡು ವರ್ಷಕ್ಕೆ 9 ಸಾವಿರವೂ ಇರಲಿಲ್ಲ.