ಡಾರ್ಸಿ ಒದ್ದೆ ಆಗಲೇ ಇಲ್ಲ ಸ್ವಾಮಿ

ಜೇನ್ ಆಸ್ಟಿನ್ ಬರೆದ ಪ್ರೈಡ್ ಅಂಡ್ ಪ್ರೆಜುಡಿಸ್ ಕಾದಂಬರಿ ಅಚ್ಚಾಗಿ ಹೊರಗೆ ಬಂದಿದ್ದು 1813ರ ಜನವರಿ 28ಕ್ಕೆ, 2013ಕ್ಕೆ ಅದಕ್ಕೆ ಸರಿಯಾಗಿ 200 ತುಂಬ್ತು, ಇನ್ನು ಇಂಗ್ಲೆಂಡಿನವರು ಸುಮ್ನೆ ಕೂರ್ತಾರಾ. ಆ ವರ್ಷದ ಜುಲೈನಲ್ಲಿ ಲಂಡನ್ನಿನ ಹೈಡ್ ಪಾರ್ಕಿನ ಸರ್ಪಂಟೈನ್ ಕೆರೆಯೊಳಗೆ 12 ಅಡಿ ಎತ್ತರದ ಫೈಬರ್‌ಗ್ಲಾಸ್ ಡಾರ್ಸಿನ, ಅಂದ್ರೆ ಆ ಕಾದಂಬರಿಯ ಹೀರೋನ, ಇಳಿಸಿದ್ರು. ಮೈಗಂಟಿದ ಬಿಳಿ ಶರ್ಟು, ಅರ್ಧ ಮೈ ನೀರಲ್ಲಿ, ಮುಖದಲ್ಲಿ ಒಂಥರಾ ಗಂಭೀರ, ಪಕ್ಕದಲ್ಲಿ ಬಾತುಕೋಳಿಗಳು. ಹೊಸದಾಗಿ ಶುರುವಾಗ್ತಿದ್ದ ಒಂದು ಟೀವಿ ಚಾನೆಲ್ಲಿನ ಪಬ್ಲಿಸಿಟಿ ಅದು. ಈ ಕಾದಂಬರಿಯ 1995ರ ಬಿಬಿಸಿ ಧಾರಾವಾಹಿಲಿ ಡಾರ್ಸಿ ಪಾತ್ರ ಮಾಡಿದ ಕಾಲಿನ್ ಫರ್ತ್ ಕೆರೆಯಿಂದ ಒದ್ದೆಯಾಗಿ ಎದ್ದು ಬರೋ ದೃಶ್ಯ ಇದ್ಯಲ್ಲ, ಅದನ್ನ ಜನ ಮರೆತೇ ಇಲ್ಲ ಅಂತ ಅದಕ್ಕೊಂದು ಪ್ರತಿಮೆ.

ಈಗ ಪುಸ್ತಕ ತೆಗೀರಿ. ಡಾರ್ಸಿಯ ಬಂಗ್ಲೆ ಪೆಂಬರ್ಲಿಗೆ ಹೀರೋಯಿನ್ ಎಲಿಜಬೆತ್ ತನ್ನ ಸೋದರಮಾವ ಅತ್ತೆ ಜೊತೆ ಮನೆ ನೋಡೋಕೆ ಬಂದಿರ್ತಾಳೆ, ಯಜಮಾನ ಊರಲ್ಲಿಲ್ಲ ಅಂತ ಧೈರ್ಯವಾಗಿ ಸುತ್ತಾಡ್ತಿರ್ತಾಳೆ, ಅಷ್ಟರಲ್ಲಿ ಕುದುರೆ ಲಾಯದ ಕಡೆಯಿಂದ ಬರೋ ದಾರೀಲಿ ಡಾರ್ಸಿ ಧುತ್ತಂತ ಎದುರಾಗ್ತಾನೆ, ಇಬ್ಬರ ಮುಖವೂ ಕೆಂಪಾಗುತ್ತೆ. ಅಷ್ಟೇ. ಕೆರೆ ಇಲ್ಲ, ಈಜು ಇಲ್ಲ, ಮನುಷ್ಯ ತಲೆಯಿಂದ ಕಾಲವರೆಗೆ ಒಣಕಲಾಗೇ ಇದ್ದ. ಹೋಗ್ಲಿ, ಪುಸ್ತಕದಲ್ಲಿಲ್ಲ, ಟೀವಿಲಾದ್ರೂ ಇದ್ಯಲ್ಲ ಅಂತೀರಾ? ಅಲ್ಲೂ ಇಲ್ಲ! ಧಾರಾವಾಹಿನ ಇನ್ನೊಂದ್ಸಲ ಹಾಕ್ಕೊಂಡು ನೋಡಿ, ಅವನು ನೀರಿಗೆ ಹಾರ್ತಾನೆ, ಆಮೇಲೆ ಒಂದು ಶಾಟಲ್ಲಿ ನೀರೊಳಗಿರ್ತಾನೆ, ಅದಾದ್ಮೇಲೆ ಒದ್ದೆ ಶರ್ಟಲ್ಲಿ ಹುಲ್ಲಿನ ಮೇಲೆ ನಡ್ಕೊಂಡು ಬರ್ತಾನೆ, ಕೆರೆಯಿಂದ ಎದ್ದು ಬರೋ ಶಾಟೇ ಇಲ್ಲ. ಹಾರಿದವನೂ ಫರ್ತ್ ಅಲ್ಲ, ಕೆರೆ ನೀರಲ್ಲಿ ಇಲಿಜ್ವರ ಹತ್ತಿದ್ರೆ ಏನ್ ಗತಿ ಅಂತ ಬೇರೆ ಒಬ್ಬ ಡ್ಯೂಪನ್ನ ಹಾರಿಸಿದ್ರು. ಅಲ್ಲಿಗೆ ಕಾದಂಬರಿಯ ಇನ್ನೂರನೇ ವರ್ಷದಲ್ಲಿ ನಿಂತ ಪ್ರತಿಮೆ ಯಾವುದಪ್ಪಾ ಅಂದ್ರೆ, ಲೇಖಕಿ ಬರೀದೆ ಇದ್ದ, ಕ್ಯಾಮೆರಾ ಹಿಡೀದೆ ಇದ್ದ ಒಂದು ಘಟನೇದು. ಜನ ಮನಸ್ಸಲ್ಲೇ ಶೂಟಿಂಗ್ ಮುಗಿಸ್ಕೊಂಡು ಮನಸ್ಸಲ್ಲೇ ನೋಡಿ ಮೆಚ್ಕೊಂಡಿದ್ದಾರೆ.

ಶರ್ಟಿನ ಕಥೆ ಇನ್ನೂ ಮುಗಿದಿಲ್ಲ. 2024ರಲ್ಲಿ ಅದೇ ಧಾರಾವಾಹಿಯ ಶರ್ಟು ಲಂಡನ್ನಲ್ಲಿ ಹರಾಜಿಗೆ ಬಂತು, 20 ಸಾವಿರ ಪೌಂಡಿಗೆ ಹೋಯ್ತು (ದುಡ್ಡು ಒಳ್ಳೇ ಕೆಲಸಕ್ಕೇ ಹೋಯ್ತು, ಅದ್ರ ಬಗ್ಗೆ ತಕರಾರಿಲ್ಲ). ಜೇನ್ ಆಸ್ಟಿನ್ ಇಡೀ ಕಾದಂಬರಿಯ ಹಕ್ಕನ್ನ ಎಜರ್ಟನ್ ಅನ್ನೋ ಪ್ರಕಾಶಕನಿಗೆ ಮಾರಿದ್ದು ಎಷ್ಟಕ್ಕೆ ಗೊತ್ತಾ, 110 ಪೌಂಡು. 150 ಸಿಕ್ಕಿದ್ರೆ ಚೆನ್ನಾಗಿತ್ತು ಅಂತ ಪಾಪ ಗೆಳತಿಗೆ ಕಾಗದದಲ್ಲಿ ಬರ್ಕೊಂಡಿದ್ದಾಳೆ ಆಯಮ್ಮ. ಆಕೆಯ ಹೀರೋಗೆ ಮಾತ್ರ ವರ್ಷಕ್ಕೆ 10 ಸಾವಿರ ಪೌಂಡ್ ಆದಾಯ, ಅದನ್ನೂ ಆಕೆಯೇ ಬರೆದುಕೊಟ್ಟಿದ್ದು. ಮೊದಲ ಮುದ್ರಣದಲ್ಲಿ ಹೆಸರೂ ಇರಲಿಲ್ಲ, ಸೆನ್ಸ್ ಅಂಡ್ ಸೆನ್ಸಿಬಿಲಿಟಿ ಬರೆದವರಿಂದ ಅಂತಷ್ಟೇ ಇತ್ತು, ಆ ಹಿಂದಿನ ಪುಸ್ತಕದ ಮೇಲಾದ್ರೂ ಹೆಸರಿತ್ತಾ ಅಂದ್ರೆ ಅಲ್ಲಿ 'ಒಬ್ಬ ಮಹಿಳೆಯಿಂದ' ಅಂತಿತ್ತು.

ಅಂಥಾ ಆಯಮ್ಮನಿಗೆ ಬ್ಯಾಂಕ್ ಆಫ್ ಇಂಗ್ಲೆಂಡ್ ನ್ಯಾಯ ಕೊಡಿಸೋಕೆ ಹೊರಡ್ತು. ಅದೇ 2013ರ ಜುಲೈನಲ್ಲಿ ಗವರ್ನರ್ ಮಾರ್ಕ್ ಕಾರ್ನಿ (ಈಗ ಕೆನಡಾ ಪ್ರಧಾನಿ ಆಗಿದ್ದಾರಲ್ಲ ಅವರೇ) ಆಕೆ ಬದುಕಿದ್ದ ಚಾಟನ್ ಹಳ್ಳಿ ಮನೆಗೇ ಹೋಗಿ, 10 ಪೌಂಡ್ ನೋಟಿನ ಮೇಲೆ ಆಸ್ಟಿನ್ ಚಿತ್ರ ಹಾಕ್ತೀವಿ ಅಂತ ಘೋಷಣೆ ಮಾಡಿದ್ರು. ನೋಟು ಅಂದ್ಮೇಲೆ ಒಂದು ಸಾಲು ಬೇಡ್ವಾ. ಹುಡುಕಿದ್ರು. ಆರು ಕಾದಂಬರಿ ಇವೆ, ರಾಶಿ ಕಾಗದಗಳಿವೆ, ಒಂದೊಂದು ಸಾಲೂ ಚಾಕು ಥರ, ಅದ್ರಲ್ಲಿ ಇವರ ಕೈಗೆ ಸಿಕ್ಕಿದ್ದು ಯಾವುದು ಅಂದ್ರೆ, ಏನೇ ಹೇಳಿ ಓದೋದ್ರಲ್ಲಿರೋ ಸುಖ ಬೇರೆ ಯಾವುದ್ರಲ್ಲೂ ಇಲ್ಲ ಅನ್ನೋ ಅರ್ಥದ ಸಾಲು. ಆಹಾ ಎಷ್ಟು ಚೆಂದ, ಲೈಬ್ರರಿ ಗೋಡೆ ಮೇಲೆ ಬರೆಸ್ಬೋದು.

ಆ ಮಾತು ಹೇಳೋದು ಕ್ಯಾರೊಲಿನ್ ಬಿಂಗ್ಲಿ, ಡಾರ್ಸಿ ಮೇಲೆ ಕಣ್ಣಿಟ್ಟಿರೋ ಅವನ ಗೆಳೆಯನ ಸೋದರಿ. ನೆದರ್‌ಫೀಲ್ಡ್ ಮನೇಲಿ ಸಂಜೆ ಹೊತ್ತು, ಡಾರ್ಸಿ ಓದ್ತಾ ಕೂತಿದ್ದಾನೆ, ಇವಳೂ ಒಂದು ಪುಸ್ತಕ ಹಿಡ್ಕೊಂಡು ಪಕ್ಕ ಕೂತಿದ್ದಾಳೆ, ಆ ಪುಸ್ತಕಾನ ಯಾಕೆ ಆರಿಸ್ಕೊಂಡ್ಲು ಅಂದ್ರೆ ಅದು ಡಾರ್ಸಿ ಓದ್ತಿರೋದರ ಎರಡನೇ ಸಂಪುಟ ಅನ್ನೋ ಒಂದೇ ಕಾರಣಕ್ಕೆ. ಕಣ್ಣು ಪೂರಾ ಅವನ ಪುಟದ ಮೇಲೆ, ಮಧ್ಯೆ ಮಧ್ಯೆ ಏನೋ ಒಂದು ಪ್ರಶ್ನೆ, ಅವನು ಉತ್ತರ ಕೊಟ್ಟು ಮತ್ತೆ ಓದೋಕೆ ಶುರು. ಸಾಕಾಗಿ ದೊಡ್ಡದಾಗಿ ಆಕಳಿಸಿ ಈ ಮಾತಾಡ್ತಾಳೆ. ಯಾರೂ ಹೂಂ ಅನ್ನಲ್ಲ. ಇನ್ನೊಂದ್ಸಲ ಆಕಳಿಸಿ ಪುಸ್ತಕಾನ ಪಕ್ಕಕ್ಕೆ ಬಿಸಾಕ್ತಾಳೆ. ಇಡೀ ಪುಸ್ತಕದಲ್ಲಿ ಓದೋ ನಾಟಕ ಮಾಡೋರನ್ನ ಗೇಲಿ ಮಾಡೋಕೆ ಅಂತ ಆಸ್ಟಿನ್ ಬರೆದ ಒಂದು ಸಾಲನ್ನ ಒಂದು ದೇಶದ ಕೇಂದ್ರ ಬ್ಯಾಂಕು ಆಕೆಯ ಸುಭಾಷಿತ ಅಂತ ತಗೊಂಡು ಕೋಟಿಗಟ್ಟಲೆ ಅಚ್ಚು ಹಾಕಿದೆ. ಓದಿದವರು ಪೇಪರುಗಳಲ್ಲಿ ಬರೆದ್ರು, ನಕ್ಕರು, ಬೈದ್ರು. ಬ್ಯಾಂಕು ಜಪ್ಪಯ್ಯ ಅನ್ನಲಿಲ್ಲ, ಆಕೆ ತೀರಿಕೊಂಡು 200 ವರ್ಷ ಆದ ದಿನ, 2017ರ ಜುಲೈ 18ಕ್ಕೆ, ಆಕೆಯ ಸಮಾಧಿ ಇರೋ ವಿಂಚೆಸ್ಟರ್ ಚರ್ಚಲ್ಲೇ ಆ ನೋಟು ಅನಾವರಣ ಮಾಡಿದ್ರು. ಆ ಸಮಾಧಿ ಕಲ್ಲಿನ ಮೇಲೆ ಆಕೆ ಕಾದಂಬರಿ ಬರೀತಿದ್ಲು ಅನ್ನೋ ಮಾತೇ ಇಲ್ಲ, ಅದು ಬೇರೆ.

ನೋಟಿನ ಮೇಲಿನ ಮುಖಾನೂ ಆಕೆಯದು ಅಂತ ಧೈರ್ಯವಾಗಿ ಹೇಳೋಕಾಗಲ್ಲ. ಅಕ್ಕ ಕಸಾಂಡ್ರಾ ಬರೆದಿದ್ದ ಚಿತ್ರದಲ್ಲಿ ಆಯಮ್ಮ ತುಟಿ ಬಿಗಿದು ಕೈ ಕಟ್ಕೊಂಡು ಯಾರ ಮೇಲೋ ರೇಗಿದ ಹಾಗೆ ಕೂತಿದ್ದಾಳೆ, ಸತ್ತು ಐವತ್ತು ವರ್ಷ ದಾಟಿದ ಮೇಲೆ ಅಣ್ಣನ ಮಗ ಜೀವನಚರಿತ್ರೆ ಬರೆಯೋವಾಗ ಅದನ್ನ ತಿದ್ದಿಸಿ, ಕಣ್ಣು ಅಗಲ ಮಾಡಿಸಿ, ಸೌಮ್ಯ ಮಾಡಿಸಿ ಹಾಕಿಸಿದ. ಬ್ಯಾಂಕಿನವರು ಆ ಫಿಲ್ಟರ್ ಹಾಕಿದ್ದನ್ನೇ ಇಟ್ಕೊಂಡ್ರು. ಹಿಂದೆ ಕಾಣೋ ಬಂಗ್ಲೆ ಗಾಡ್‌ಮರ್‌ಶಮ್ ಪಾರ್ಕು ಆಕೆಯದಲ್ಲ, ಶ್ರೀಮಂತ ಅಣ್ಣ ಎಡ್ವರ್ಡ್‌ದು, ಆಕೆ ಅಲ್ಲಿಗೆ ನೆಂಟಳಾಗಿ ಹೋಗ್ತಿದ್ಲು. ಸಾಲದ್ದಕ್ಕೆ ಆ ಪ್ಲಾಸ್ಟಿಕ್ ನೋಟಲ್ಲಿ ಚೂರು ಪ್ರಾಣಿ ಕೊಬ್ಬಿನ ಅಂಶ ಇದೆ ಅಂತ ಸಸ್ಯಾಹಾರಿಗಳು, ಹಿಂದೂ ದೇವಸ್ಥಾನದವರು ಎಲ್ಲಾ ಗಲಾಟೆ ಮಾಡಿದ್ರು. ಎಜರ್ಟನ್ ಕೊಟ್ಟ 110 ಪೌಂಡಿಗೆ ಇಂಥಾ ನೋಟು ಹನ್ನೊಂದು ಬರುತ್ತೆ, ಎಣಿಸ್ಕೊಳ್ಳಿ.

ಇನ್ನು ಉಂಗುರದ ವಿಷ್ಯ, ಇದು ನಮ್ಮೋರು ಸ್ವಲ್ಪ ಗಮನ ಕೊಟ್ಟು ಓದ್ಬೇಕು. ಆಸ್ಟಿನ್ ಹಾಕ್ಕೋತಿದ್ದ, ನೀಲಿ ಕಲ್ಲಿನ ಒಂದು ಚಿನ್ನದುಂಗುರ 2012ರಲ್ಲಿ ಹರಾಜಾಯ್ತು, ಅಮೆರಿಕದ ಗಾಯಕಿ ಕೆಲ್ಲಿ ಕ್ಲಾರ್ಕ್ಸನ್ 1,52,450 ಪೌಂಡ್ ಕೊಟ್ಟು ತಗೊಂಡ್ಲು, ನ್ಯಾಯವಾಗಿ ದುಡ್ಡು ಕೊಟ್ಟೇ ತಗೊಂಡಿದ್ದು. ತಗೊಂಡು ಮನೆಗೆ ಹೊರಡೋ ಹೊತ್ತಿಗೆ ಬ್ರಿಟಿಷ್ ಸರ್ಕಾರ ಅಡ್ಡ ಬಂತು, ಇದು ದೇಶದ ಆಸ್ತಿ, ಹೊರಗೆ ತಗೊಂಡು ಹೋಗೋ ಹಾಗಿಲ್ಲ ಅಂತ ಸಂಸ್ಕೃತಿ ಇಲಾಖೆ ಮಂತ್ರಿಗಳೇ ತಾತ್ಕಾಲಿಕ ನಿಷೇಧ ಹಾಕಿದ್ರು. ಊರೂರಿಂದ ಚಂದಾ ಬಂತು, ಹೆಸರು ಹೇಳದ ಯಾರೋ ಒಬ್ಬ ಪುಣ್ಯಾತ್ಮರು ಒಂದು ಲಕ್ಷ ಪೌಂಡ್ ಕೊಟ್ರು, 2013ರಲ್ಲಿ ಚಾಟನ್ನಿನ ಮ್ಯೂಸಿಯಂ ಉಂಗುರಾನ ವಾಪಸ್ ಕೊಂಡ್ಕೊಳ್ತು, ಕ್ಲಾರ್ಕ್ಸನ್ ಪಾಪ ದೊಡ್ಡ ಮನಸ್ಸು ಮಾಡಿ ಬಿಟ್ಕೊಟ್ಲು. ಪರಂಪರೆ ಉಳೀತು ಅಂತ ಎಲ್ಲರ ಕಣ್ಣಲ್ಲೂ ನೀರು.

ಮುಂದಿನ ವರ್ಷಾನೇ, 2014ರ ಮೇ ತಿಂಗಳು, ಅದೇ ಲಂಡನ್ನಲ್ಲಿ ಇನ್ನೊಂದು ಉಂಗುರ ಹರಾಜಿಗೆ ಬಂತು. ಅದರ ಮೇಲೆ ದೇವನಾಗರಿಯಲ್ಲಿ ರಾಮ ಅಂತ ಕೆತ್ತಿದೆ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ದಿನ ಟಿಪ್ಪುವಿನ ಹೆಣದ ಬೆರಳಿಂದ ತೆಗೆದಿದ್ದು ಅಂತ ಹೇಳೋ ಉಂಗುರ ಅದು. 1,45,000 ಪೌಂಡಿಗೆ ಹೋಯ್ತು, ಯಾರು ತಗೊಂಡ್ರೋ ಹೆಸರು ಹೊರಗೆ ಬರ್ಲಿಲ್ಲ. ದುಡ್ಡು ಕೊಟ್ಟು ಕೊಂಡಿದ್ದನ್ನೂ ಹೊರಗೆ ಬಿಡಲ್ಲ, ಹೆಣದಿಂದ ಕಿತ್ಕೊಂಡಿದ್ದನ್ನ ಮಾರೋಕೆ ಅಡ್ಡಿ ಇಲ್ಲ! ಟಿಪ್ಪುವಿನ ಮರದ ಹುಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಲ್ಲಿ ಕೂತಿದ್ಯಲ್ಲ, ಅದೂ ಅವರ ಲೆಕ್ಕದಲ್ಲಿ ಅವರದ್ದೇ ಪರಂಪರೆ. ನಮ್ಮೋರು ಲಂಡನ್ ಟೂರಿಗೆ ಹೋದಾಗ ಅದರ ಮುಂದೆ ಸೆಲ್ಫಿ ತಗೊಂಡು ಬರ್ತಾರೆ. ಇದ್ರಲ್ಲಿ ಇನ್ನೊಂದು ತಮಾಷೆ ಇದೆ, ಹೈದರಾಲಿ ಮೇಲೆ ಯುದ್ಧ ಮಾಡಿಸಿದ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಮುದುಕನಾದ ಮೇಲೆ ಈ ಕಾದಂಬರಿ ಓದಿ ಮೆಚ್ಚಿ ಬರೆದಿದ್ದ, ಅಂಥಾ ಮನುಷ್ಯನೇ ಮೆಚ್ಚಿದ್ದಾನೆ ಅಂತ ಆಸ್ಟಿನ್ ಸಿಕ್ಕಾಪಟ್ಟೆ ಖುಷಿಪಟ್ಟು 1813ರಲ್ಲೇ ಅಕ್ಕನಿಗೆ ಕಾಗದ ಹಾಕಿದ್ದಾಳೆ. ಆ ಯಪ್ಪ ಏನೇ ಮಾಡಿರ್ಲಿ, ಪುಸ್ತಕ ಓದಿದ್ದಂತೂ ನಿಜ.

ಬಾತ್ ಊರಿನ ಜೇನ್ ಆಸ್ಟಿನ್ ಉತ್ಸವ ಕೇಳಿರ್ತೀರಿ. ಆಸ್ಟಿನ್ ಅಲ್ಲಿ ಐದು ವರ್ಷ ಇದ್ದು, ಬಿಟ್ಟು ಬಂದಾಗ ತಪ್ಪಿಸ್ಕೊಂಡು ಬಂದಷ್ಟು ಸಂತೋಷ ಆಯ್ತು ಅಂತ ಬರೆದಿದ್ದಾಳೆ, ಈ ಕಾದಂಬರಿಲಿ ಆ ಊರಿಗೆ ಮಜಾ ಮಾಡೋಕೆ ಹೋಗೋನು ಆ ಲಫಂಗ ವಿಕಮ್. ಅದೇ ಊರಲ್ಲಿ ಪ್ರತಿವರ್ಷ ಜನ ಆ ಕಾಲದ ಗೌನು ಬಾನೆಟ್ಟು ಹಾಕ್ಕೊಂಡು ಮೆರವಣಿಗೆ ಹೋಗ್ತಾರೆ, 2014ರಲ್ಲಿ 550 ಜನ ಸೇರಿ ಗಿನ್ನೆಸ್ ದಾಖಲೆ ಮಾಡಿದ್ರು. ನ್ಯಾಯವಾಗಿ ಇದನ್ನೂ ಹೇಳ್ಬೇಕು, ಕಾದಂಬರಿಯ ಇನ್ನೂರನೇ ಹುಟ್ಟುಹಬ್ಬದ ದಿನ ಇದೇ ಊರಲ್ಲಿ ಕೆಲವರು ಕೂತು ಹನ್ನೆರಡು ಗಂಟೆ ಸರದಿ ಮೇಲೆ ಕಾದಂಬರಿ ಓದಿದ್ರು ಕೂಡ. ಅವರಿಗೆ ಯಾರೂ ಪ್ರತಿಮೆ ಹಾಕ್ಸಿಲ್ಲ.

2007ರಲ್ಲಿ ಈ ಉತ್ಸವದ ನಿರ್ದೇಶಕರೇ ಒಂದು ಕಿತಾಪತಿ ಮಾಡಿದ್ರು. ಅವರ ಸ್ವಂತ ಕಾದಂಬರಿನ ಯಾರೂ ತಗೊಂಡಿರ್ಲಿಲ್ಲ, ಆ ಉರೀಲಿ ಆಸ್ಟಿನ್ ಪುಸ್ತಕಗಳ ಮೊದಲ ಅಧ್ಯಾಯಗಳನ್ನೇ ಪಾತ್ರಗಳ ಹೆಸರು ಬದಲಾಯಿಸಿ ಟೈಪ್ ಮಾಡಿ 18 ಪ್ರಕಾಶಕರು ಏಜೆಂಟರಿಗೆ ಕಳಿಸಿದ್ರು. ಜಗತ್ತಿಗೆಲ್ಲಾ ಗೊತ್ತಿರೋ ಆ ಮೊದಲ ಸಾಲನ್ನ, ಅದೇ ರೀ, ದುಡ್ಡಿರೋ ಬ್ರಹ್ಮಚಾರಿಗೆ ಹೆಂಡತಿ ಬೇಕೇ ಬೇಕು ಅನ್ನೋದು, ಅದನ್ನ ಮುಟ್ಟದೆ ಹಾಗೇ ಬಿಟ್ಟಿದ್ರು. ಗುರುತು ಹಿಡಿದಿದ್ದು ಒಬ್ಬರು. ಮಿಕ್ಕವರು ವಿನಯವಾಗಿ ಬೇಡ ಅಂದ್ರು, ಇಲ್ಲಾ ಮಾತೇ ಆಡಲಿಲ್ಲ. 1797ರಲ್ಲಿ ಆಕೆಯ ಅಪ್ಪ ಈ ಕಾದಂಬರಿಯ ಮೊದಲ ರೂಪ ಇದೆ ನೋಡ್ತೀರಾ ಅಂತ ಕೆಡೆಲ್ ಅನ್ನೋ ಪ್ರಕಾಶಕನನ್ನ ಕೇಳಿದ್ದಾಗ ಅವನೂ ಹಸ್ತಪ್ರತಿ ತರಿಸ್ಕೊಂಡು ನೋಡದೆ ಮುಂದಿನ ಟಪಾಲಲ್ಲೇ ಬೇಡ ಅಂದಿದ್ದ. ನೋಡಿ, ಇಂಗ್ಲಿಷರು ಸಂಪ್ರದಾಯ ಬಿಡೋ ಜನ ಅಲ್ಲ.

ಕಾದಂಬರಿಗೆ 250 ತುಂಬೋದು 2063ಕ್ಕೆ, ಕಮಿಟಿ ಈಗಲೇ ಆಗಿದ್ರೂ ಆಶ್ಚರ್ಯ ಇಲ್ಲ. ಮುಖ್ಯ ಅತಿಥಿ ಯಾರಾಗ್ಬೇಕು ಅಂತ ಅವರೇನೂ ತಲೆ ಕೆಡಿಸ್ಕೊಳ್ಳೋದು ಬೇಡ, ಪುಸ್ತಕದೊಳಗೇ ರೆಡಿ ಇದ್ದಾನೆ, ಪಾದ್ರಿ ಕಾಲಿನ್ಸ್. ಹೊಗಳಿಕೆಗಳನ್ನ ಮೊದಲೇ ಮನೇಲಿ ಕೂತು ತಯಾರು ಮಾಡ್ಕೊಂಡು, ಆದ್ರೆ ಆಗಷ್ಟೇ ಹೊಳೀತು ಅನ್ನೋ ಥರ ಹೇಳೋದು ನನ್ನ ಪದ್ಧತಿ ಅಂತ ಎಲಿಜಬೆತ್ ಅಪ್ಪ ಬೆನೆಟ್ ಸಾಹೇಬರ ಮುಂದೆ ತಾನೇ ಒಪ್ಕೊಂಡಿದ್ದಾನೆ, ಜಯಂತಿ ಭಾಷಣಕ್ಕೆ ಇದಕ್ಕಿಂತ ಅನುಭವ ಬೇಕಾ. ಒಂದೇ ತೊಂದರೆ, ಸಂಜೆ ಟೀ ಆದ್ಮೇಲೆ ಎಲ್ಲರಿಗೂ ಕೇಳೋ ಹಾಗೆ ಏನಾದ್ರೂ ಓದಪ್ಪಾ ಅಂತ ಪುಸ್ತಕ ಕೈಗೆ ಕೊಟ್ಟಾಗ, ಅಯ್ಯಯ್ಯೋ ಕ್ಷಮಿಸಿ, ನಾನು ಕಾದಂಬರಿ ಓದೋದಿಲ್ಲ ಅಂತ ಹಿಂದಕ್ಕೆ ಸರಿದಿದ್ದ. ಅದು ಅಂಥಾ ತೊಂದರೆ ಏನಲ್ಲ ಬಿಡಿ, ಕಮಿಟಿಯವರು ಖಂಡಿತಾ ಅಡ್ಜಸ್ಟ್ ಮಾಡ್ಕೋತಾರೆ.